ಎಡಗಾಲಿನ ಚಪ್ಪಲಿ

ದೆವ್ವ, ಮೈಮೇಲೆ ಬರುವ ದೇವರು, ಸತ್ತವರು ಬಂದು ಮಾತಾಡುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ನಂಬುವವರನ್ನು ಕಂಡರೂ ಮೈ ಉರಿಯುತ್ತಿತ್ತು. ಪೀಣ್ಯದ ಹತ್ತಿರ ಒಂದು ವ್ಯಸನಮುಕ್ತಿ ಕ್ಲಿನಿಕ್ಕಿನಲ್ಲಿ ನಾನು ನರ್ಸ್. ಕುಡಿತವನ್ನು ಒಮ್ಮೆಗೇ ಬಿಟ್ಟವನ ಕಣ್ಣಿಗೆ ಏನೇನು ಕಾಣಿಸುತ್ತದೆ, ಯಾಕೆ ಕಾಣಿಸುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಗೋಡೆಯ ಮೇಲೆ ಇರುವೆಗಳು, ಮಂಚದ ಕೆಳಗೆ ಪೊಲೀಸರು, ಎಲ್ಲ ಕೇಳಿದ್ದೇನೆ. ಆದರೂ ಕೆಲವು ವರ್ಷಗಳ ಹಿಂದೆ ಬಾಗಲಗುಂಟೆಯ ಒಂದು ವಠಾರದಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕು ಎಂದೇನೂ ಇಲ್ಲ.

ಆ ವಠಾರದಲ್ಲಿದ್ದ ಯಲ್ಲಪ್ಪ ಕೊಪ್ಪಳದ ಕಡೆಯವನು. ಸ್ಟೀಲ್ ಪಾತ್ರೆಗಳಿಗೆ ಹೊಳಪು ಕೊಡುವ ಸಣ್ಣ ಕಾರ್ಖಾನೆಯಲ್ಲಿ ಅವನ ಕೆಲಸ. ಬೆನ್ನುನೋವಿಗೆಂದು ಶುರುವಾದ ಮಾತ್ರೆ ಚಟವಾಗಿ, ಸೂಜಿ ಚುಚ್ಚಿಕೊಳ್ಳುವವರೆಗೆ ಹೋಗಿ, ಕೊನೆಗೆ ನಮ್ಮಲ್ಲಿಗೆ ಬಂದಿದ್ದ. ಆ ಚಟದ ಬದಲಿಗೆ ನಾವು ದಿನಕ್ಕೊಂದು ಮಾತ್ರೆಯನ್ನು ಅವನ ನಾಲಿಗೆಯ ಕೆಳಗೆ ಇಟ್ಟು ಕರಗಿಸುತ್ತಿದ್ದೆವು. ಅದರ ಬಲದಿಂದ ಅವನು ನೆಟ್ಟಗೆ ಕೆಲಸಕ್ಕೆ ಹೋಗುತ್ತಿದ್ದ. ಆದರೆ ಸಂಜೆಯ ಕುಡಿತ ಮಾತ್ರ ಬಿಟ್ಟಿರಲಿಲ್ಲ. ಬಿಡುವುದಾದರೆ ಆಸ್ಪತ್ರೆಗೆ ಸೇರಿ ಬಿಡು, ಏನೇ ಆದರೂ ಈ ಮಾತ್ರೆ ನಿಲ್ಲಿಸಬೇಡ ಎಂದು ಅವನಿಗೂ ಅವನ ಹೆಂಡತಿ ರೇಣುಕಾಳಿಗೂ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು.

ಆ ಕಾರ್ತಿಕದಲ್ಲಿ ಕಾರ್ಖಾನೆಯವರೆಲ್ಲ ಅಯ್ಯಪ್ಪನ ಮಾಲೆ ಹಾಕಿದರು, ಇವನೂ ಹಾಕಿದ. ಮಾಲೆ ಕೊರಳಿಗೆ ಬಿದ್ದ ಗಳಿಗೆಯಿಂದ ಕುಡಿತ ಬಂದ್. ಅವರ ಗುರುಸ್ವಾಮಿ ಅಲ್ಲಿನ ಸೂಪರ್‌ವೈಸರ್. ಆ ಮಾತ್ರೆಯೂ ಅಮಲೇ, ವ್ರತ ಕೆಡುತ್ತದೆ ಎಂದನಂತೆ. ಅದೂ ಬಂದ್. ಎಲ್ಲರೂ ಯಲ್ಲಪ್ಪನ ಬೆನ್ನು ತಟ್ಟಿದರು. ನಮ್ಮ ಫೋನನ್ನು ಅವನು ಎತ್ತಲೇ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ರೇಣುಕಾ ಕ್ಲಿನಿಕ್ಕಿಗೆ ಓಡಿ ಬಂದಳು. "ಸಿಸ್ಟರ್, ನಮ್ಮನಿಯವ್ರ ಮೈಯಾಗ ಸ್ವಾಮಿ ಬಂದಾನ ಅಂತಾರ್ರೀ ಎಲ್ಲಾರೂ. ನನಗ್ಯಾಕೋ ಅಂಜಿಕಿ ಆಗಾಕತ್ತೈತಿ." ಡಾಕ್ಟರಿಗೆ ಹೇಳಿ, ಆಂಬುಲೆನ್ಸಿಗೆ ಫೋನ್ ಮಾಡಿ, ಅವಳ ಜೊತೆ ಆಟೋ ಹತ್ತಿದೆ.

ಅವರ ಪುಟ್ಟ ಕೋಣೆಯ ತುಂಬ ಕರ್ಪೂರದ ಹೊಗೆ. ಕಪ್ಪು ಪಂಚೆಯುಟ್ಟ ಯಲ್ಲಪ್ಪ ಗೋಡೆಗೆ ಒರಗಿ ಗಡಗಡ ನಡುಗುತ್ತಿದ್ದ, ಬೆವರಿನಲ್ಲಿ ತೊಯ್ದುಹೋಗಿದ್ದ, ಸೂರು ನೋಡುತ್ತ ಏನೇನೋ ಬಡಬಡಿಸುತ್ತಿದ್ದ. ಜನ ಅವನ ಕಾಲಿಗೆ ಬೀಳುತ್ತಿದ್ದರು. ಒಬ್ಬಾಕೆ ಮಗಳ ಮದುವೆ ಯಾವಾಗ ಎಂದು ಕೇಳುತ್ತಿದ್ದಳು. ಸಾವಿಗೆ ಹತ್ತಿರವಾದ ಮನುಷ್ಯನ ಬಳಿ ಭವಿಷ್ಯ ಕೇಳುವ ಈ ಭಕ್ತಿಗೆ ಏನನ್ನಬೇಕೋ ನನಗೆ ಇಂದಿಗೂ ತಿಳಿಯದು. ನಾನು ನಾಡಿ ಹಿಡಿಯಲು ಬಗ್ಗಿದರೆ ಗುರುಸ್ವಾಮಿ ಅಡ್ಡ ಬಂದ. "ಮಾಲೆ ಹಾಕಿರೋರನ್ನ ಮುಟ್ಬೇಡಿ ಸಿಸ್ಟರ್." ಹಿಂದಿನಿಂದ ಒಬ್ಬಳು, "ನೀವು ಹೊರಗಾಗಿಲ್ಲ ತಾನೇ?" ಎಂದಳು. ಇವನಿಗೆ ಫಿಟ್ಸ್ ಬಂದು ಸತ್ತರೆ ಪೊಲೀಸರಿಗೆ ನೀವೇ ಉತ್ತರ ಹೇಳಿ ಎಂದೆ. ದಾರಿ ಬಿಟ್ಟರು.

ನಾಡಿ ಓಡುತ್ತಿತ್ತು. ಆಗ ಯಲ್ಲಪ್ಪನ ನಡುಕ ಒಂದು ಕ್ಷಣ ನಿಂತಿತು. ನನ್ನ ಹೆಗಲಾಚೆ ಹೊಸ್ತಿಲನ್ನು ನೋಡಿ ಮೆಲ್ಲಗೆ ಹೇಳಿದ. "ಸಿಸ್ಟರ್, ನಿಮ್ಮಪ್ಪ ಬಾಗಲ್ದಾಗ ನಿಂತಾನ್ರೀ. ಎಡಗಾಲಾಗ ಚಪ್ಪಲಿ ಇಲ್ಲ. ಅದು ನಿಮ್ಮ ಕೈಯಾಗ ಐತಂತ."

ತಟ್ಟನೆ ತಿರುಗಿ ನೋಡಿದೆ. ನನ್ನಪ್ಪ ಸತ್ತಾಗ ನಾನಿನ್ನೂ ಚಿಕ್ಕವಳು. ಅವನೂ ಹೀಗೇ, ಅಮ್ಮ ಹರಕೆ ಹೊತ್ತಳೆಂದು ಕುಡಿತವನ್ನು ಒಮ್ಮೆಗೇ ಬಿಟ್ಟಿದ್ದ. ನಡುಕ ಶುರುವಾದಾಗ ಮನೆಯವರು ಆಸ್ಪತ್ರೆಗಲ್ಲ, ದೇವಸ್ಥಾನಕ್ಕೆ ಕರೆದೊಯ್ದರು. ಇಬ್ಬರ ನಡುವೆ ಬೈಕಿನಲ್ಲಿ ಕೂರಿಸುವಾಗ ಎಡಗಾಲಿನ ಚಪ್ಪಲಿ ಅಂಗಳದಲ್ಲಿ ಬಿತ್ತು. ಅದನ್ನೆತ್ತಿಕೊಂಡು ಊರಾಚೆಯವರೆಗೂ ಓಡಿದೆ, ಬೈಕು ಸಿಗಲಿಲ್ಲ. ಅಪ್ಪ ಹೆಣವಾಗಿ ಬಂದ. ಭಯವಾಗಿ ಚಪ್ಪಲಿಯನ್ನು ಹಾಳುಬಾವಿಗೆ ಎಸೆದೆ. ಇದನ್ನು ಅಮ್ಮನಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ.

ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಸ್ಟ್ರೆಚರಿನ ಹಿಂದೆ ಹೊರಟವಳು ಹೊಸ್ತಿಲ ಹತ್ತಿರ, ಯಾರೋ ನಿಂತಿದ್ದಾರೆ ಎಂಬಂತೆ, ಒಂದು ಬದಿಗೆ ಸರಿದು ದಾಟಿದೆ. ಅಲ್ಲಿ ಯಾರೂ ಇರಲಿಲ್ಲ.

ಅವನು ನಿಲ್ಲಿಸಿದ್ದ ಮಾತ್ರೆಯನ್ನು ಆಸ್ಪತ್ರೆಯಲ್ಲಿ ಮತ್ತೆ ಶುರುಮಾಡಿದರು. ನಡುಕ ಇಳಿಸುವ ಮದ್ದನ್ನು ಸ್ವಲ್ಪ ಸ್ವಲ್ಪವೇ ಕೊಟ್ಟರು, ಯಾಕೆಂದರೆ ಎರಡೂ ಸೇರಿ ಹೆಚ್ಚಾದರೆ ಉಸಿರೇ ನಿಂತುಹೋಗಬಹುದು. ಅವನ ಉಸಿರು ನೋಡಿಕೊಳ್ಳಲು ಪಕ್ಕದಲ್ಲೇ ಒಬ್ಬರನ್ನು ಕೂರಿಸಿದರು. ಯಲ್ಲಪ್ಪ ಬದುಕಿದ. ವಠಾರದಲ್ಲಿ ಮಾತ್ರ, ಮೈಮೇಲೆ ಬಂದ ಸ್ವಾಮಿಯನ್ನು ಓಡಿಸಿದವಳು ಎಂಬ ಹೆಸರು ನನಗೆ ಉಳಿಯಿತು.

ಚೇತರಿಸಿಕೊಂಡ ಮೇಲೆ ಅವನನ್ನು ಕೇಳಿದೆ. "ನನಗೇನೂ ನೆಪ್ಪಿಲ್ರೀ ಸಿಸ್ಟರ್," ಎಂದ. ಸುಳ್ಳು ಹೇಳುವ ಮುಖವಲ್ಲ ಅದು. ಹದಗೆಟ್ಟ ಮಿದುಳು ಇಲ್ಲದ್ದನ್ನು ತೋರಿಸುತ್ತದೆ, ಅದನ್ನು ನಾನೇ ಎಷ್ಟೋ ಮನೆಯವರಿಗೆ ವಿವರಿಸಿದ್ದೇನೆ. ಆದರೆ ಆ ಚಪ್ಪಲಿ ಇತ್ತಲ್ಲ. ಅದು ಅವನಿಗೆ ಹೇಗೆ ಗೊತ್ತಾಯಿತು? ಯೋಚಿಸಿ ಯೋಚಿಸಿ ಸೋತಿದ್ದೇನೆ. ಕೆಲವೊಮ್ಮೆ ಸಿಟ್ಟೂ ಬರುತ್ತದೆ. ಬಂದದ್ದು ಅಪ್ಪನೇ ಆಗಿದ್ದರೆ, ಅಷ್ಟು ಜನರ ನಡುವೆ ಅವನನ್ನು ಕಂಡದ್ದು ಯಾರೋ ಪರರ ಕಣ್ಣು. ನಾನು ತಿರುಗಿ ನೋಡಿದಾಗ ನನಗೆ ಕಂಡದ್ದು ಖಾಲಿ ಬಾಗಿಲು.