ಬೇಲಿಯ ಮೇಲಿನ ಸೂರಕ್ಕಿ

ಬೆಳಗಿನ ಐದೂ ಮುಕ್ಕಾಲಿಗೆ ಊಟಿ ಬೆಟ್ಟದ ಬುಡದಲ್ಲಿರುವ ಬೊಕ್ಕಾಪುರದ ನಮ್ಮ ತೋಟದೊಳಕ್ಕೆ ಆನೆ ಬಂತು. ಸೋಲಾರ್ ಬೇಲಿ ಕೆಟ್ಟಿದ್ದಾಗ ಸೂರಕ್ಕಿಯೊಂದು ಅದರ ಎರಡು ತಂತಿಗಳ ನಡುವೆ ಗೂಡು ಕಟ್ಟಿ ಮರಿ ಮಾಡಿತ್ತು. ರಿಪೇರಿಯಾದ ಮೇಲೂ, ಮರಿಗಳಿಗೆ ಶಾಕ್ ಹೊಡೆಯುತ್ತದೆಂದು ಅಮ್ಮ ಕರೆಂಟ್ ಹಾಕಲು ಬಿಟ್ಟಿರಲಿಲ್ಲ. ನಲ್ಲಿಯ ಬಳಿ ಕೊಡ ಹಿಡಿದು ನಿಂತಿದ್ದ ನನ್ನನ್ನು ಆನೆ ಕಿವಿ ಅಗಲಿಸಿ ನೋಡಿತು, ಆಮೇಲೆ ಬಾಳೆಗೊನೆ ಕಿತ್ತುಕೊಂಡು ಹೊರಟುಹೋಯಿತು. ಕಣ್ಣು ಮುಚ್ಚಿದರೆ ಆ ಕಿವಿಗಳು ಈಗಲೂ ಅಗಲುತ್ತವೆ.

"ಇವತ್ತೇ ಸ್ವಿಚ್ ಹಾಕೋಣಮ್ಮ," ಎಂದೆ.

"ಮೊದ್ಲು ಮರಿ ಹಾರ್ಲಿ. ಅಷ್ಟು ಪುಕ್ಕಲಾದ್ರೆ ಊಟಿಗೋಗಿ ಮಲೀಕೊ!"

ಆಮೇಲಿನ ರಾತ್ರಿಗಳಲ್ಲಿ ಎಲೆ ಅಲುಗಿದರೂ ಎದ್ದು ಕೂರುತ್ತಿದ್ದೆ. ಬೆಳಗಾಗಿ, ತಾಯಿಹಕ್ಕಿ ಜೇಡ ಕಚ್ಚಿಕೊಂಡು ಗೂಡಿಗೆ ಬರುವುದನ್ನು ಕಂಡಾಗ ಅಮ್ಮ ಹೇಳಿದ್ದೇ ಸರಿ ಎನಿಸುತ್ತಿತ್ತು. ಇಂದಿಗೂ ಹಾಗೇ ಎನ್ನುತ್ತೇನೆ. ಕೊನೆಯ ಮರಿ ದಾಸವಾಳದ ಗಿಡಕ್ಕೆ ಹಾರಿದ ದಿನ ಅಮ್ಮನೇ ಸ್ವಿಚ್ ಹಾಕಿದಳು. ಅಂದು ಇಬ್ಬರೂ ಬೆಳಗಾಗುವವರೆಗೆ ನಿದ್ದೆ ಮಾಡಿದೆವು.