ಮರದ ಮೇಲಿನ ಅಕ್ಕಿ

ನಮ್ಮ ಉಮ್ಮತ್ತೂರಿನವರ ಬಾಯಲ್ಲಿ ‘ಹ’ ಅಕ್ಷರಕ್ಕೆ ಕೆಲಸ ಕಡಿಮೆ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹಕ್ಕಿ ಅಕ್ಕಿಯಾಗುತ್ತದೆ. ಅನ್ನದ ಅಕ್ಕಿ ಯಾವುದು, ಹಾರುವ ಅಕ್ಕಿ ಯಾವುದು ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ. ಕೇಳಿದವರು ಒಬ್ಬರೇ, ನಾವು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬೇರೆ ಜಿಲ್ಲೆಯಿಂದ ಬಂದಿದ್ದ ಮೇಷ್ಟ್ರು.

ಅವತ್ತು ಪಾಠ ಓದಲು ಎದ್ದು ನಿಂತವಳು ನನ್ನ ಪಕ್ಕ ಕೂರುತ್ತಿದ್ದ ಶಿವಲಕ್ಷ್ಮಿ. ತಡವರಿಸದೆ, ದೊಡ್ಡ ದನಿಯಲ್ಲಿ, ‘ಮರದ ಮೇಲೆ ಅಕ್ಕಿ ಕುಳಿತಿತ್ತು’ ಎಂದು ಓದಿದಳು.

‘ಎಷ್ಟು ಸೇರು?’ ಎಂದರು ಮೇಷ್ಟ್ರು.

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ನಕ್ಕವರೆಲ್ಲ ಮನೆಗೆ ಹೋದರೆ ಅಕ್ಕಿ ಎನ್ನುವವರೇ. ಆ ಮೇಷ್ಟ್ರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅದನ್ನು ಮುಚ್ಚಿಟ್ಟುಕೊಂಡು ಬರೆಯಲಾರೆ. ಅವಳಿಗೆ ‘ಸೇರಕ್ಕಿ’ ಎಂದೇ ಹೆಸರು ಬಿತ್ತು. ಅಂದಿನಿಂದ ಶಿವಲಕ್ಷ್ಮಿ ಗಟ್ಟಿಯಾಗಿ ಓದಲೇ ಇಲ್ಲ.

ಹಾಗೆಂದು ಓದು ಬಿಡಲಿಲ್ಲ. ಮನಸ್ಸಿನಲ್ಲಿ ಓದಿದರೆ ಹಕಾರ ಬೀಳುವುದಿಲ್ಲವಲ್ಲ. ಬೋಂಡ ಕಟ್ಟಿಕೊಟ್ಟ ಪೇಪರನ್ನು ಎಣ್ಣೆ ಒರೆಸಿ ಓದುತ್ತಿದ್ದಳು. ಚಾಮರಾಜನಗರಕ್ಕೆ ಕಾಲೇಜಿಗೆ ಹೋಗುವಾಗ ಲೈಬ್ರರಿ ಕಾದಂಬರಿ ಹಿಡಿದು ಬಸ್ಸಿನಲ್ಲಿ ಕೂತರೆ, ಇಳಿಯುವ ಸ್ಟಾಪು ಬಂದಾಗ ನಾನೇ ಜಡೆ ಹಿಡಿದು ಎಳೆಯಬೇಕಿತ್ತು. ಅವರವ್ವ ರಾಚಮ್ಮ ಕೂಲಿಯವಳು, ಅಕ್ಷರ ಕಲಿತವಳಲ್ಲ. ‘ಬುಕ್ಕ ನೋಡ್ಕಂಡು ಕೂತದ ನನ್ ಕೂಸು’ ಎನ್ನುತ್ತಿದ್ದಳು, ಅಷ್ಟೆ.

ಮದುವೆಯಾಗಿ ಗುಂಡ್ಲುಪೇಟೆ ಕಡೆ ಹೋದ ಶಿವಲಕ್ಷ್ಮಿಗೆ ಅಲ್ಲೇ ಒಂದು ಪಂಚಾಯಿತಿ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. ಪುಸ್ತಕಗಳ ಮಧ್ಯೆ ಸುಮ್ಮನಿರಬಹುದು ಎಂದು ಹಿಗ್ಗಿದಳು. ಆದರೆ ಶನಿವಾರ ಮಕ್ಕಳಿಗೆ ಕಥೆ ಓದಿ ಹೇಳಬೇಕಂತೆ. ಆ ಕೆಲಸವನ್ನು ಕಾವ್ಯಶ್ರೀ ಎಂಬ ಕಾಲೇಜು ಹುಡುಗಿಗೆ ದಾಟಿಸಿ, ತಾನು ಬೀರುವಿನ ಧೂಳು ಹೊಡೆಯುತ್ತ ನಿಲ್ಲುತ್ತಿದ್ದಳು.

ಹೋದ ತಿಂಗಳು ಮಗಳನ್ನು ನೋಡಬೇಕೆಂದು ರಾಚಮ್ಮ ಹಟ ಹಿಡಿದಳು. ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಲೈಬ್ರರಿ ತಲುಪಿದಾಗ ಶನಿವಾರದ ಮಕ್ಕಳು ಚಾಪೆ ತುಂಬ ಕೂತಿದ್ದವು. ಕಾವ್ಯಶ್ರೀ ಜ್ವರ ಎಂದು ಬಂದಿರಲಿಲ್ಲ. ಶಿವಲಕ್ಷ್ಮಿಯ ಮುಖ ಬಿಳಿಚಿಕೊಂಡಿತ್ತು.

‘ನೀನೇ ಓದ್ಬುಡಮ್ಮಿ’ ಎಂದು ನನ್ನ ಕೈಗೆ ಪುಸ್ತಕ ತುರುಕಿದಳು.

‘ಕನ್ನಡಕ ತಂದಿಲ್ಲ’ ಎಂದೆ. ಅದು ಚೀಲದಲ್ಲೇ ಇತ್ತು.

ಬೇರೆ ದಾರಿ ಕಾಣದೆ ಅವಳು ಕೂತು ಪುಸ್ತಕ ತೆರೆದಳು. ನೋಡಿದರೆ ಹಕ್ಕಿಯ ಕಥೆ. ಇನ್ನೂ ಮಾತು ಹೊರಡುವ ಮೊದಲೇ ಅವಳ ಬಾಯಿ ‘ಹ’ಕ್ಕೆ ಸಜ್ಜಾಗುತ್ತಿದ್ದುದು ನನಗೆ ಕಾಣುತ್ತಿತ್ತು. ಎರಡು ಸಾಲು ಸರಿಯಾಗಿಯೇ ದಾಟಿದಳು. ಮೂರನೆಯದರಲ್ಲಿ ಎಲ್ಲ ಅದಲುಬದಲಾಯಿತು. ‘ಅಂಗಳದಲ್ಲಿ ಒಣಗಿಸಿದ್ದ ಹಕ್ಕಿ ತಿನ್ನಲು ಅಕ್ಕಿ ಹಾರಿ ಬಂತು’ ಎಂದುಬಿಟ್ಟಳು.

ಮಕ್ಕಳು ನಕ್ಕವು. ಶಿವಲಕ್ಷ್ಮಿ ಪುಸ್ತಕ ಮುಚ್ಚಲು ಹೊರಟಳು. ಅಷ್ಟರಲ್ಲಿ ಮುಂದೆ ಕೂತಿದ್ದ ಪುಟ್ಟ ಹುಡುಗಿಯೊಂದು ಎದ್ದು, ತುಂಬ ಗಂಭೀರವಾಗಿ ತಿದ್ದಿತು.

‘ಅಂಗಲ್ಲ ಮಿಸ್. ಅಕ್ಕಿ ತಿನ್ನಕೆ ಅಕ್ಕಿ ಬಂತು.’

‘ಊಂ ಮಿಸ್, ಅಕ್ಕಿ ತಿನ್ನಕೆ ಅಕ್ಕಿ’ ಎಂದವು ಉಳಿದವೂ. ಅಲ್ಲಿದ್ದ ಯಾರಿಗೂ ಯಾವ ಗೊಂದಲವೂ ಇರಲಿಲ್ಲ.

ಶಿವಲಕ್ಷ್ಮಿ ನಕ್ಕಳು. ಎಷ್ಟೋ ವರ್ಷದಿಂದ ಹಿಡಿದಿಟ್ಟ ಉಸಿರೆಲ್ಲ ಆ ನಗುವಿನಲ್ಲಿ ಹೊರಬಂತು, ನನಗೂ ಎದೆ ಹಗುರಾಯಿತು. ಆಮೇಲೆ ಅವಳು ಹಕಾರ ಬಿದ್ದ ಕಡೆ ಬೀಳಲಿ, ಉಳಿದ ಕಡೆ ಉಳಿಯಲಿ ಎಂದು ಸರಾಗವಾಗಿ ಓದುತ್ತ ಹೋದಳು.

ಬಾಗಿಲ ಪಕ್ಕ ಕೂತಿದ್ದ ರಾಚಮ್ಮ ಮೆಲ್ಲಗೆ ಚಾಪೆಯ ತನಕ ಸರಿದಳು. ಕಣ್ಣಲ್ಲಿ ನೀರಿತ್ತು.

‘ನಿಂಗೆ ಓದಕೆ ಬತ್ತದೇನಮ್ಮಿ? ಒಂದಿನಾನೂ ಬಾಯ್ಬುಟ್ಟು ಓದ್ನಿಲ್ಲ, ಇಷ್ಟು ದಿನ ಬುಕ್ಕ ಸುಮ್ನೆ ನೋಡ್ತಾ ಕೂರ್ತೀಯ ಅನ್ಕಂಡಿದ್ದೆ.’

ಶಿವಲಕ್ಷ್ಮಿ ಅವ್ವನ ಮುಖವನ್ನೇ ನೋಡಿದಳು.

‘ನಿಲ್ಲಿಸ್ಬುಟ್ಯಲ್ಲ,’ ಎಂದಳು ರಾಚಮ್ಮ, ‘ಆ ಅಕ್ಕಿ ಆಮ್ಯಾಲೆ ಏನಾಯ್ತು?’

ಯಾವ ಅಕ್ಕಿ ಎಂದು ಶಿವಲಕ್ಷ್ಮಿ ಕೇಳಲಿಲ್ಲ. ಹಾಳೆ ತಿರುವಿ, ಅವ್ವನಿಗೂ ಕೇಳುವಷ್ಟು ಗಟ್ಟಿಯಾಗಿ ಓದಿದಳು.