ಪರಾತದ ನೀರು

ಕಡ್ಡಿರಾಂಪುರದ ಹುಸೇನಪ್ಪನಿಗೆ ಓದು ಬರುತ್ತಿತ್ತು, ಆದರೆ ನಿಧಾನ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬಾಳೆತೋಟದ ಕೂಲಿಗೆ ಹೋದವನು, ಅರವತ್ತೆರಡರ ಈ ವಯಸ್ಸಿನಲ್ಲೂ ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು, ಅದರ ಗುರುತು ಪೂರ್ತಿ ಸಿಕ್ಕ ಮೇಲೆಯೇ ಮುಂದಿನದಕ್ಕೆ ಹೋಗುತ್ತಿದ್ದ. ಹಾಗಾಗಿ ತನ್ನದೇ ಹಾಡಿನ ಪುಸ್ತಕದಲ್ಲಿ ನಾಲ್ಕನೇ ಹಾಳೆಗೆ ಬರುವುದಕ್ಕೆ ಅವನಿಗೆ ಮೂರು ದಿನ ಹಿಡಿಯಿತು. ಆ ಹಾಳೆಯಲ್ಲಿ ಒಂದು ತಪ್ಪು ಸಿಕ್ಕಿತು.

‘ಪರಾತದ ನೀರು’ ಎಂದು ಇರಬೇಕಾದ ಕಡೆ ‘ಫರಾತದ ನೀರು’ ಎಂದು ಅಚ್ಚಾಗಿತ್ತು. ಪ ಅಕ್ಷರದ ಹೊಟ್ಟೆಯ ಕೆಳಗೆ ಒಂದು ಸಣ್ಣ ಗೀಟು. ಸೊಳ್ಳೆಯ ಕಾಲಿನಷ್ಟು. ಕಸ ಕೂತಿರಬಹುದೆಂದು ಉಗುರಿನಿಂದ ಕೆರೆದು ನೋಡಿದ. ಹೋಗಲಿಲ್ಲ.

ಪುಸ್ತಕ ಅಂದರೆ ದೊಡ್ಡದೇನಲ್ಲ, ಹೊಸಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪಿನ್ನು ಹೊಡೆಸಿದ ಹನ್ನೆರಡು ಹಾಳೆ. ಮಾಡಿಸಿದವಳು ಅಫ್ಸಾನಾ. ಊರಿನ ಪೀರಲ ದೇವರ ಸೇವೆ ಮಾಡುವ ಮುಜಾವರ್ ಹೊನ್ನೂರಸಾಬನ ಮಗಳು ಅವಳು, ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಾಳೆ. ಹೋದ ವರ್ಷದ ಮೊಹರಂನಲ್ಲಿ ಹುಸೇನಪ್ಪ ಹಾಡುತ್ತ ಹಾಡುತ್ತ ಎರಡು ನುಡಿ ಮರೆತುಬಿಟ್ಟಿದ್ದ. ಜನ ಗಮನಿಸಿರಲಿಲ್ಲ. ಅವನಿಗೆ ಮಾತ್ರ ಆವತ್ತಿನಿಂದ ಉಂಡ ಅನ್ನ ಮೈಗೆ ಹತ್ತಿರಲಿಲ್ಲ. ಹಾಡು ಕಲಿಯುವವರು ಯಾರೂ ಇಲ್ಲ, ತಾನು ಮರೆತರೆ ಅದು ಅಲ್ಲಿಗೇ ಮುಗಿದ ಹಾಗೆ. ಈ ಸಂಕಟವನ್ನು ಅಫ್ಸಾನಾಳ ಮುಂದೆ ಹೇಳಿಕೊಂಡ. ಅವಳು ಮೂರು ಭಾನುವಾರ ಅವನ ಎದುರು ಕೂತು, ಹಾಡಿಸಿ, ಬರೆದುಕೊಂಡು ಹೋದಳು.

ಆ ಹಾಡಿನ ಗಂಟು ಹುಸೇನಪ್ಪನಿಗೆ ಹುಟ್ಟುವ ಮುಂಚೆಯೇ ಬಿದ್ದಿತ್ತು. ಅವನಿಗಿಂತ ಮೊದಲು ಹುಟ್ಟಿದ ಎರಡು ಕೂಸು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಅವನ ಅವ್ವ ಗಾಳೆಮ್ಮ ಮೊಹರಂನ ಅಲಾಯಿ ಕುಣಿಯ ಮುಂದೆ, ಬೆಂಕಿಯ ಝಳ ಮುಖಕ್ಕೆ ಬಡಿಯುವಷ್ಟು ಹತ್ತಿರ ನಿಂತು, ಇದೊಂದು ಉಳಿಸಿಕೊಡು, ನಿನ್ನ ಹೆಸರೇ ಇಡುತ್ತೇನೆ ಎಂದು ಹರಕೆ ಹೊತ್ತಳು. ಕೂಸು ಉಳಿಯಿತು. ಹುಸೇನ್ ಎಂದು ಕರೆದು, ಮನೆತನದ ರೂಢಿಯಂತೆ ಕೊನೆಗೊಂದು ಅಪ್ಪ ಸೇರಿಸಿದರು.

ಹಾಡು ಕಲಿಸಿದವನು ಸೋದರಮಾವ ಮೂಕಣ್ಣ. ಕಂಪ್ಲಿ, ಸಂಡೂರಿನ ತನಕ ಹೆಸರು ಮಾಡಿದ ಹಾಡುಗಾರ. ಹೆಸರಿಗೆ ಮೂಕಣ್ಣ, ಬಾಯಿ ಮುಚ್ಚಿದ್ದನ್ನು ಮಾತ್ರ ಯಾರೂ ನೋಡಿಲ್ಲ ಎಂದು ಜನ ನಗುತ್ತಿದ್ದರು. ಹಾಡಿನ ಕಥೆ ಈ ನೆಲದ್ದಲ್ಲ. ಸಾವಿರಾರು ಮೈಲಿ ಆಚೆ ಕರ್ಬಲಾ ಎಂಬ ಬಯಲಿನಲ್ಲಿ ಪ್ರವಾದಿಯ ಮೊಮ್ಮಗ ಹುಸೇನರನ್ನೂ ಅವರ ಮನೆಮಂದಿಯನ್ನೂ ವೈರಿಗಳು ಸುತ್ತುಗಟ್ಟಿ, ನೀರು ಮುಟ್ಟಗೊಡದೆ ಕೊಂದ ಕಥೆ. ಅದರಲ್ಲಿ ಆರು ತಿಂಗಳ ಒಂದು ಹಸುಗೂಸು ಬಾಯಾರಿ ಒದ್ದಾಡುವ ನುಡಿ ಬರುತ್ತದೆ.

‘ಪರಾತದ ನೀರು ಕಣ್ಣಿಗೆ ಕಂಡರೂ
ಕಂದನ ತುಟಿಗೆ ಬರಲಿಲ್ಲ.’

ಪರಾತ ಅಂದರೆ ರೊಟ್ಟಿ ಹಿಟ್ಟು ನಾದುವ ಅಗಲವಾದ ಹಿತ್ತಾಳೆಯ ತಟ್ಟೆ, ಎಲ್ಲರ ಮನೆಯಲ್ಲೂ ಇರುವಂಥದ್ದು. ಅದರ ತುಂಬ ನೀರು, ಎದುರಿಗೇ ಇದೆ, ಆದರೆ ಕೂಸಿಗೆ ಒಂದು ಹನಿ ಇಲ್ಲ. ಆ ನುಡಿ ಹಾಡುವಾಗ ಮೂಕಣ್ಣನ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಒಂದು ವರ್ಷ ತಡೆಯಲಾರದೆ ಮನೆಯಿಂದ ಪರಾತವನ್ನೇ ತಂದು, ನೀರು ತುಂಬಿಸಿ, ಮಸೂತಿಯ ಮುಂದೆ ಮಣೆಯ ಮೇಲೆ ಇಟ್ಟ. ಅಲ್ಲಿಂದ ಅದೇ ಪದ್ಧತಿಯಾಯಿತು. ಹತ್ತನೇ ದಿನ, ಬಣ್ಣದ ಬಟ್ಟೆ ಸುತ್ತಿದ ಬೆಳ್ಳಿ ಹಸ್ತದ ಪೀರಲ ದೇವರುಗಳು ಹೊಳೆಗೆ ಹೊರಡುವ ಮುಂಚೆ ಹುಸೇನಪ್ಪ ಹಾಡಬೇಕು. ಆ ನುಡಿ ಮುಗಿಯುವ ತನಕ ಪರಾತದ ನೀರನ್ನು ಯಾರೂ ಮುಟ್ಟುವ ಹಾಗಿಲ್ಲ. ಮುಗಿದ ಮೇಲೆ ಊರಿನ ಬಾಣಂತಿಯರು, ಯಾವ ಓಣಿಯವರೇ ಆಗಲಿ, ನೀರಿನಲ್ಲಿ ಬೆರಳು ಅದ್ದಿ ತಮ್ಮ ಕೂಸಿನ ತುಟಿಗೆ ಮುಟ್ಟಿಸುತ್ತಾರೆ. ಮೂಕಣ್ಣ ತೀರಿಕೊಂಡು ನಲವತ್ತು ವರ್ಷವಾಯಿತು. ಪರಾತ ಹುಸೇನಪ್ಪನ ಮನೆಗೆ ಬಂತು. ವರ್ಷವೆಲ್ಲ ಅವನ ಹೆಂಡತಿ ದುರ್ಗಕ್ಕ ಅದರಲ್ಲಿ ಹಿಟ್ಟು ನಾದುತ್ತಾಳೆ, ಮೊಹರಂ ಬಂದಾಗ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು ಕೊಡುತ್ತಾಳೆ.

ಈ ಸಲದ ಹತ್ತನೇ ದಿನಕ್ಕೆ ಇನ್ನೊಂದು ವಾರ ಇತ್ತು. ಪುಸ್ತಕದಲ್ಲಿ ತಪ್ಪು ಉಳಿಯಬಾರದೆಂದು ಭಾನುವಾರ ಬೆಳಿಗ್ಗೆ ಹುಸೇನಪ್ಪ ಹೊನ್ನೂರಸಾಬನ ಮನೆಗೆ ಹೊರಟ. ಅಷ್ಟು ಕಷ್ಟಪಟ್ಟು ಬರೆದ ಹುಡುಗಿ ನೊಂದುಕೊಳ್ಳದ ಹಾಗೆ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಹೊನ್ನೂರಸಾಬ್ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ. ಅಫ್ಸಾನಾ ಚಹಾ ತಂದಳು.

“ಭಾಳ ಚಂದ ಬರದೀದಿ ಮಗಳಾ,” ಎಂದ ಹುಸೇನಪ್ಪ. “ಒಂದ ಒಂದು ಗೀಟು ಹೆಚ್ಚಿಗಿ ಬಿದ್ದೈತಿ. ಮಿಷಿನ್ನಿನ ತಪ್ಪು ಇರಬೇಕು, ನಿಂದಲ್ಲ.”

ಅಫ್ಸಾನಾ ಹಾಳೆ ನೋಡಿದಳು. ಹೌದು ಮಾಮಾ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಆದರೆ ಅವಳು ದಿನವೂ ಮಕ್ಕಳ ತಪ್ಪು ತಿದ್ದುವವಳು, ಬಾಯಿಗೆ ನಿಜವೇ ಮೊದಲು ಬಂತು.

“ಅದು ಪರಾತ ಅಲ್ಲ ಮಾಮಾ. ಫರಾತ್. ಅದೊಂದು ಹೊಳಿ.”

ಹುಸೇನಪ್ಪನಿಗೆ ತಿಳಿಯಲಿಲ್ಲ. ಅವಳು ಅಪ್ಪನ ಮುಂದಿದ್ದ ಬೆಳ್ಳುಳ್ಳಿ ಎಸಳುಗಳನ್ನು ತೆಗೆದುಕೊಂಡು ಕಟ್ಟೆಯ ಮೇಲೆ ಇಡುತ್ತ ಬಂದಳು. ಇದು ಮಕ್ಕಾ, ಇದು ಕರ್ಬಲಾ. ಕರ್ಬಲಾದ ಬಗಲಿಗೆ ಸಿಪ್ಪೆಗಳನ್ನು ಉದ್ದಕ್ಕೆ ಸಾಲಾಗಿ ಇಟ್ಟು, ಇದು ಫರಾತ್, ನಮ್ಮ ತುಂಗಭದ್ರೆಗಿಂತ ದೊಡ್ಡ ಹೊಳೆ ಎಂದಳು. ಆಮೇಲೆ ಇರಾನಿಗೊಂದು, ಅಲ್ಲಿಂದ ಕಡಲು ದಾಟಿದರೆ ನಮ್ಮ ಪಡುವಣದ ಬಂದರುಗಳಿಗೊಂದು. ಅರಬ್ಬರ ನಾಡಿನಲ್ಲಿ ಹುಟ್ಟಿದ ಧರ್ಮ ಹೇಗೆ ಊರಿಂದೂರಿಗೆ ನಡೆಯಿತು, ಹಂಪಿಯ ರಾಯರ ಸೈನ್ಯಕ್ಕೆ ಹಡಗಿನಲ್ಲಿ ಕುದುರೆಗಳು ಬಂದಾಗ ಅವುಗಳ ಜೊತೆ ಜನ ಹೇಗೆ ಬಂದರು, ಆ ಸೈನ್ಯದಲ್ಲಿ ಮುಸಲ್ಮಾನ ಸವಾರರು ಹೇಗೆ ಇದ್ದರು, ಬಿಜಾಪುರದ ಸುಲ್ತಾನರ ಕಾಲದಲ್ಲಿ ಮೊಹರಂ ಹೇಗೆ ಬೆಳೆಯಿತು, ಫಕೀರರ ಬಾಯಲ್ಲಿ ಕರ್ಬಲಾದ ಕಥೆ ಹೋದ ಹೋದಲ್ಲಿ ಆ ನೆಲದ ಮಾತು ಹೇಗೆ ಕಲಿಯಿತು ಎಂದು ಒಂದೊಂದೇ ಎಸಳಿಟ್ಟು ಹೇಳಿದಳು. ಕೊನೆಯ ಎಸಳು ಕಡ್ಡಿರಾಂಪುರದ್ದು.

“ಹಂಗಾರ ನಮ್ಮೂರ ಗುಮ್ಮಟದಾಗ ಮಲಗಿದವರು?” ಎಂದು ಕೇಳಿದ ಹುಸೇನಪ್ಪ. ರಸ್ತೆಯ ಬದಿಯ ಆ ಹಳೆಯ ಗೋರಿಗಳ ನೆರಳಿನಲ್ಲಿ ಅವನು ಹುಡುಗನಾಗಿದ್ದಾಗಿಂದ ಬುತ್ತಿ ಬಿಚ್ಚಿ ಉಂಡಿದ್ದ, ಯಾರವೆಂದು ಕೇಳಿರಲಿಲ್ಲ.

“ಹೆಸರು ಬರದಿಲ್ಲ ಮಾಮಾ. ಅಂಥವರ ಪೈಕಿನೇ ಯಾರೋ ಇರಬೇಕು.”

ಹೊನ್ನೂರಸಾಬನ ಕೈ ಯಾವಾಗಲೋ ನಿಂತಿತ್ತು. ಅವನು ಮಗಳ ಮುಖ ನೋಡಿ, ತಾನೂ ಇಷ್ಟು ವರ್ಷ ಅದು ಪರಾತವೆಂದೇ ತಿಳಿದಿದ್ದೆ ಎಂದು ಒಪ್ಪಿಕೊಂಡ. ಆಮೇಲೆ ಅವನಿಗೆ ನಗು ಬಂತು. “ಲೇ ಹುಸೇನಾ, ಅಡಿಗಿ ಮನಿ ಸಾಮಾನು ಒಯ್ದು ಕರ್ಬಲಾದಾಗ ಇಟ್ಟೀವಲ್ಲೋ ಇಬ್ಬರೂ ಕೂಡಿ.”

ಹುಸೇನಪ್ಪ ನಗಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಮನೆಗೆ ಹೋಗುವ ಬದಲು ಗುಮ್ಮಟದ ಕಟ್ಟೆಯ ಮೇಲೆ ಕೂತ. ಹಂಪಿ ನೋಡಲು ಹೋಗುವವರ ಆಟೋಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಮೂಕಣ್ಣ ಮಾವ ಯಾರದೋ ಬಾಯಲ್ಲಿ ಕೇಳುವಾಗ ಕಿವಿ ತಪ್ಪಿ ಹೊಳೆ ಹೋಗಿ ತಟ್ಟೆಯಾಗಿದೆ. ತಾನು ಆ ತಟ್ಟೆಯನ್ನು ನಲವತ್ತು ವರ್ಷ ಹೊತ್ತಿದ್ದೇನೆ. ಇನ್ನು ಮೇಲೆ ಸರಿಯಾದ ಮಾತು ಹಾಡಿದರೆ ಎದುರಿಗಿಟ್ಟ ಪರಾತಕ್ಕೆ ಅರ್ಥವಿಲ್ಲ, ತಾಯಂದಿರು ಅದ್ದಿದ ಬೆರಳಿಗೂ ಅರ್ಥವಿಲ್ಲ. ಗೊತ್ತಿದ್ದೂ ಹಳೆಯದನ್ನೇ ಹಾಡಿದರೆ, ಬಾಯಾರಿ ಸತ್ತ ಕೂಸಿನ ಮುಂದೆ ಸುಳ್ಳು ಹೇಳಿದ ಹಾಗೆ. ಬೇರೆ ಯಾವ ಹಾಡಾದರೂ ಆಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಇದು ತನ್ನ ಹೆಸರಿನ ಹಾಡು.

ಮನೆಗೆ ಬಂದವನೇ ಈ ಸಲ ಹಾಡುವುದಿಲ್ಲ ಎಂದ. ದುರ್ಗಕ್ಕ ಯಾಕೆಂದು ಕೇಳಿ, ಎಲ್ಲ ಹೇಳಿಸಿಕೊಂಡು, ಊಟಕ್ಕೆ ಬಡಿಸಿದಳು.

ಎರಡು ದಿನ ಬಿಟ್ಟು ಅಫ್ಸಾನಾ ಬಂದಳು. ತಾನು ತಿದ್ದಬಾರದಿತ್ತು, ಮತ್ತೆ ಹಳೆಯ ಹಾಗೆಯೇ ಅಚ್ಚು ಮಾಡಿಸುತ್ತೇನೆ ಎಂದಳು. ಹುಸೇನಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, ನೀನು ಬರೆದದ್ದು ಬರೋಬ್ಬರಿ ಐತಿ, ತಪ್ಪು ಹಾಡಿದವನು ನಾನು ಎಂದು ಸಮಾಧಾನ ಮಾಡಿ ಕಳಿಸಿದ.

ಹಾಡುವುದಿಲ್ಲ ಎಂದವನು ಹಿತ್ತಲಲ್ಲಿ ಒಬ್ಬನೇ ಆ ಅಕ್ಷರ ಅಭ್ಯಾಸ ಮಾಡುತ್ತಿದ್ದ. ಮುಂದಿನ ಎರಡು ಹಲ್ಲು ಬಿದ್ದುಹೋಗಿದ್ದರಿಂದ ಫ ಎಂದರೆ ಬರೀ ಗಾಳಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಫ, ಫ, ಫರಾ. ದುರ್ಗಕ್ಕ ಬಾಗಿಲಿಗೆ ಬಂದು ಸ್ವಲ್ಪ ಹೊತ್ತು ನೋಡಿದಳು.

“ಒಲಿ ಊದಾಕ ಹತ್ತೀರೇನ್ರಿ? ಮನಿಗೆ ಗ್ಯಾಸ್ ಬಂದು ಎಷ್ಟು ವರ್ಷ ಆತು.”

ಅವನಿಗೆ ನಾಚಿಕೆಯಾಗಿ ಬಾಳೆಗಿಡದ ಕಡೆ ತಿರುಗಿಕೊಂಡ.

ಒಂಬತ್ತನೇ ದಿನ ಬೆಳಿಗ್ಗೆ ದುರ್ಗಕ್ಕ ಯಾರನ್ನೂ ಕೇಳದೆ ನಲ್ಲಿಯ ಕೆಳಗೆ ಪರಾತ ಇಟ್ಟುಕೊಂಡು ಹುಣಸೆಹಣ್ಣು ತಿಕ್ಕುತ್ತ ಕೂತಿದ್ದಳು. ಹಿಟ್ಟಿನ ಮಾಸಲು ಹೋಗಿ ಹಿತ್ತಾಳೆ ಬೆಳಗುತ್ತಿತ್ತು.

“ಅದು ಬ್ಯಾಡ ಬಿಡು,” ಎಂದ ಹುಸೇನಪ್ಪ. “ಅಲ್ಲಿ ಇದ್ದದ್ದು ಹೊಳಿ. ನಾವು ತಿಳೀದ ನಲ್ಲಿ ನೀರು ತುಂಬಿ ಇಟ್ಟೀವಿ.”

ದುರ್ಗಕ್ಕ ತಿಕ್ಕುವುದನ್ನು ನಿಲ್ಲಿಸಲಿಲ್ಲ. “ನಲ್ಯಾಗ ನೀರು ಎಲ್ಲಿಂದ ಬರ್ತೈತ್ರಿ? ಹೊಳಿದನ ಅಲ್ಲೇನು? ನಲ್ಯಾಗ ಬಂದ ಮಾತ್ರಕ್ಕ ಅದು ಹೊಳಿ ಅಲ್ಲಂತಾತೇನು?” ನಲ್ಲಿ ತಿರುಗಿಸಿ ಪರಾತದ ತುಂಬ ನೀರು ಬಿಟ್ಟಳು. ಆಮೇಲೆ, ಬೇರೆ ಏನೋ ಸುದ್ದಿ ಹೇಳುವವಳ ಹಾಗೆ, ಜಡೆಪ್ಪನ ಸೊಸೆ ಪಲ್ಲವಿ ನಿನ್ನೆ ಬಂದಿದ್ದಳು ಎಂದಳು. ದಿನ ತುಂಬುವ ಮುಂಚೆ ಹುಟ್ಟಿ, ಒಂದು ತಿಂಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿ ಬಂದ ಕೂಸು ಅವಳದು. ನಾಳೆ ಎಷ್ಟು ಹೊತ್ತಿಗೆ ಕರೆದುಕೊಂಡು ಬರಬೇಕು ಎಂದು ಕೇಳಿ ಹೋದಳಂತೆ.

“ನೀ ಏನಂದಿ?”

“ಮಧ್ಯಾಹ್ನ ಮೂರಕ್ಕ ಬಾ ಅಂದೆ.”

ಹುಸೇನಪ್ಪ ತುಂಬಿದ ಪರಾತವನ್ನೇ ನೋಡುತ್ತ ನಿಂತ. ನೀರು ಅಲುಗುವುದು ನಿಂತು, ಅದರಲ್ಲಿ ಬಾಳೆಯ ಎಲೆ ಕಾಣತೊಡಗಿತು.

ಮಾರನೇ ದಿನ ಮೂರು ಗಂಟೆಗೆ ಮಸೂತಿಯ ಮುಂದೆ ಜನ ಸೇರಿದ್ದರು. ಹುಸೇನಪ್ಪ ಹಾಡುತ್ತಾನೋ ಇಲ್ಲವೋ ಎಂದು ಹೊನ್ನೂರಸಾಬನಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಹುಸೇನಪ್ಪ ತಲೆಯ ಮೇಲೆ ಪರಾತ ಹೊತ್ತು ಬಂದ, ಹಿಂದೆ ದುರ್ಗಕ್ಕ ಕೊಡ ತಂದಳು. ಮಣೆಯ ಮೇಲಿಟ್ಟು, ನೀರು ತುಂಬಿ, ಹುಸೇನಪ್ಪ ದೇವರುಗಳ ಕಡೆ ಮುಖ ಮಾಡಿ ಹಾಡು ಎತ್ತಿಕೊಂಡ. ಪುಸ್ತಕ ಜೇಬಿನಲ್ಲಿತ್ತು, ತೆಗೆಯಲಿಲ್ಲ. ಈ ಸಲ ಒಂದು ನುಡಿಯೂ ಮರೆಯಲಿಲ್ಲ. ಬಯಲು ಬಂತು, ಬಿಸಿಲು ಬಂತು, ತಾಯಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡದ್ದು ಬಂತು. ಅಫ್ಸಾನಾ ಗೋಡೆಗೆ ಒರಗಿ ನಿಂತಿದ್ದವಳು ತನಗೆ ಗೊತ್ತಿಲ್ಲದೆ ಮುಂದೆ ಬಂದಳು.

‘ಫರಾತದ ನೀರು ಕಣ್ಣಿಗೆ ಕಂಡರೂ
ಕಂದನ ತುಟಿಗೆ ಬರಲಿಲ್ಲ.’

ಬಿದ್ದ ಹಲ್ಲುಗಳ ನಡುವಿನಿಂದ ಗಾಳಿ ಹೊರಟರೂ ಅಕ್ಷರ ಸರಿಯಾಗಿ ಬಂತು. ಹೊನ್ನೂರಸಾಬ್ ತಲೆ ತಗ್ಗಿಸಿದ. ನುಡಿ ಮುಗಿಯಿತೆಂದು ಪಲ್ಲವಿ ಕೂಸನ್ನು ಎತ್ತಿಕೊಂಡು ಒಂದು ಹೆಜ್ಜೆ ಮುಂದಿಟ್ಟಳು. ಹುಸೇನಪ್ಪ ಕೈ ಎತ್ತಿ ತಡಿ ಎಂದು ಸನ್ನೆ ಮಾಡಿದ. ಮಾವ ಕಲಿಸಿದ ಹಾಡಿಗೆ ತನ್ನದೊಂದು ಅಕ್ಷರ ಸೇರಿಸದೆ ನಲವತ್ತು ವರ್ಷ ಕಾಯ್ದವನು ಅವನು. ಪರಾತದ ಕಡೆ ತಿರುಗಿ, ಅದೇ ಧಾಟಿಯಲ್ಲಿ, ಸ್ವಲ್ಪ ಹೆದರಿಕೆಯಿಂದ, ತನ್ನದೇ ಎರಡು ಸಾಲು ಹಾಡಿದ.

‘ಪರಾತದಾಗ ಹೊಳಿ ತಂದೀವಿ, ತಡವಾತು,
ಒಂದ್ ಹನಿ ಕುಡಿಯೋ ಕಂದಯ್ಯಾ.’

ಹೊನ್ನೂರಸಾಬ್ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ಪಲ್ಲವಿಗೆ ಬಾರವ್ವ ಎಂದು ದಾರಿ ಬಿಟ್ಟ. ಅವಳು ಬೆರಳು ಅದ್ದಿ ಕೂಸಿನ ತುಟಿಗೆ ಇಟ್ಟಳು. ಕೂಸು ಬಾಯಿ ತೆರೆದು ಆ ಬೆರಳನ್ನೇ ಹಿಡಿದು ಚೀಪತೊಡಗಿತು, ಬಿಡಿಸಿಕೊಳ್ಳಲು ಹೋದರೂ ಬಿಡಲಿಲ್ಲ. ಹಿಂದೆ ನಿಂತಿದ್ದ ಬಾಣಂತಿಯರು ನಗುತ್ತ, ನಿನ್ನ ಮಗ ಹೊಳಿನೇ ಕುಡಿದು ಖಾಲಿ ಮಾಡ್ತಾನ ಬಿಡು, ನಮಗೂ ಸ್ವಲ್ಪ ಉಳಿಸಲಿ ಎಂದು ಒತ್ತಿಕೊಂಡು ಮುಂದೆ ಬಂದರು.

ದೇವರುಗಳು ಹೊರಡುವ ಗದ್ದಲದಲ್ಲಿ ಅಫ್ಸಾನಾ ಹುಸೇನಪ್ಪನ ಜೇಬಿನಿಂದ ಪುಸ್ತಕ ತೆಗೆದುಕೊಂಡು, ನಾಲ್ಕನೇ ಹಾಳೆ ತೆರೆದು, ಕೆಳಗೆ ಉಳಿದಿದ್ದ ಜಾಗದಲ್ಲಿ ಪೆನ್ನಿನಿಂದ ಹೊಸ ಸಾಲುಗಳನ್ನು ಬರೆಯತೊಡಗಿದಳು. ಹುಸೇನಪ್ಪ ಅವಳ ಭುಜದ ಮೇಲಿಂದ ಬಗ್ಗಿ ಮೊದಲನೇ ಅಕ್ಷರ ಮೂಡುವುದನ್ನೇ ನೋಡುತ್ತಿದ್ದ.

“ಇದಕ್ಕ ಗೀಟು ಬ್ಯಾಡ ಮಗಳಾ,” ಎಂದ.